ಅಯ್ಯನವರ ಕಾಶಿ, ನರ್ಸಬಾಯಿಯ ಗೋವಾ

ಇಂದ್ರಾಬಾಯಿ ಹಿರೇಮಠ ತನ್ನ ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಇಳಕಲ್ ಹುನಗುಂದದ ಸುತ್ತಮುತ್ತ ಎಷ್ಟು ಮಂದಿಯ ಕುಂಡಿಗೆ ಸೂಜಿ ಚುಚ್ಚಿದ್ದಳೋ ಆಕೆಗೇ ನೆನಪಿಲ್ಲ. ಚುಚ್ಚಿಸಿಕೊಂಡವರಿಗೆ ಮಾತ್ರ ಚೆನ್ನಾಗಿ ನೆನಪಿತ್ತು. ಅವರಲ್ಲಿ ಒಬ್ಬ ಈಗ ವಕೀಲ, ಒಬ್ಬ ಪುರಸಭೆಯ ಮಾಜಿ ಸದಸ್ಯ, ಇಬ್ಬರು ಗ್ರಾನೈಟ್ ಕ್ವಾರಿ ಮಾಡಿ ಬಿಳಿ ಕಾರಿನಲ್ಲಿ ಓಡಾಡುವವರು. ಎಂಥ ದೊಡ್ಡ ಮನುಷ್ಯ ಎದುರಾದರೂ ಆಕೆ ‘ಏನಪಾ, ಆರಾಮದಿ?’ ಎಂದಳೆಂದರೆ ಅವನ ಒಂದು ಕೈ ತಾನಾಗಿ ಸೊಂಟದ ಹಿಂದಕ್ಕೆ ಹೋಗುತ್ತಿತ್ತು. ಊರಿಗೆಲ್ಲ ಆಕೆ ನರ್ಸಬಾಯಿ. ನಿವೃತ್ತಳಾಗಿ ನಾಲ್ಕು ವರ್ಷವಾಗಿದ್ದರೂ ಓಣಿಯ ಬಿ.ಪಿ., ಶುಗರು, ಬಾಣಂತಿಯರ ಜಗಳ ಎಲ್ಲವೂ ಇನ್ನೂ ಆಕೆಯ ಕಟ್ಟೆಗೇ ಬರುತ್ತಿದ್ದವು.

ಗಂಡ ಸಂಗಯ್ಯ ಹೈಸ್ಕೂಲಿನಲ್ಲಿ ಚಿತ್ರಕಲಾ ಮಾಸ್ತರನಾಗಿದ್ದು ಆರು ವರ್ಷದ ಹಿಂದೆ ನಿವೃತ್ತನಾಗಿದ್ದ. ಆದರೆ ಅವನನ್ನು ಮಾಸ್ತರ ಎಂದು ಕರೆಯುವವರು ಕಡಿಮೆ. ಜಂಗಮರ ಮನೆಯಲ್ಲಿ ಹುಟ್ಟಿದವನಾದ್ದರಿಂದ ಅವನು ಅಯ್ಯನವರು. ಹೊಸ ಮನೆ ಕಟ್ಟಿದವರು, ಕೂಸಿಗೆ ಲಿಂಗ ಕಟ್ಟಿಸುವವರು, ಬೋರ್‌ವೆಲ್ ಕೊರೆಸುವವರು ಅವನನ್ನು ಕರೆದೊಯ್ದು, ಮಣೆಯ ಮೇಲೆ ಕೂರಿಸಿ, ಪಾದ ತೊಳೆದು ಹೂವೇರಿಸುತ್ತಿದ್ದರು. ಮಳೆಗಾಲ ಬಂತೆಂದರೆ ಆ ಪಾದಗಳ ಬೆರಳುಸಂದಿ ಬೆಳ್ಳಗಾಗಿ ವಿಪರೀತ ತುರಿಸುತ್ತಿತ್ತು. ಅದಕ್ಕೆ ಮುಲಾಮು ಹಚ್ಚುವವಳು ಇಂದ್ರಾಬಾಯಿ. ಪಾದೋದಕ ಕುಡಿದವರಿಗೆ ಒಂದೊಂದು ಗುಳಿಗೆಯನ್ನೂ ಕೊಟ್ಟು ಕಳಿಸಿರೆಂದು ಆಕೆ ಮುಲಾಮು ಹಚ್ಚುತ್ತಲೇ ಹೇಳುತ್ತಿದ್ದಳು. ಸಂಗಯ್ಯ ಕಣ್ಣು ಮುಚ್ಚಿ ‘ಶಿವಶಿವಾ’ ಎನ್ನುತ್ತಿದ್ದ. ಅದು ಭಕ್ತಿಯೋ, ಮುಲಾಮಿನ ತಂಪೋ, ಹೇಳುವುದು ಕಷ್ಟ.

ಇಂದ್ರಾಬಾಯಿಗೆ ಒಂದೇ ಒಂದು ಆಸೆ ಉಳಿದಿತ್ತು. ಸಮುದ್ರ ನೋಡುವುದು. ನೌಕರಿಗೆ ಸೇರಿದ ಏಳನೆಯ ವರ್ಷ ಕಾರವಾರದಲ್ಲಿ ಹತ್ತು ದಿನದ ತರಬೇತಿಗೆ ಆಕೆಯ ಹೆಸರು ಬಂದಿತ್ತು. ಚೀಲ ಕಟ್ಟಿ, ಸೀರೆ ಉಟ್ಟು, ಬಸ್ಸಿಗೆ ನಿಂತ ಹೊತ್ತಿಗೆ ಒಬ್ಬ ಎತ್ತಿನ ಬಂಡಿಯಲ್ಲಿ ಬಸುರಿ ಹೆಂಡತಿಯನ್ನು ಮಲಗಿಸಿಕೊಂಡು ಬಂದ. ಕೂಸು ಅಡ್ಡ ಬಿದ್ದಿತ್ತು. ತಾಯಿ, ಕೂಸು ಎರಡೂ ಉಳಿದವು, ಬಸ್ಸು ಹೋಯಿತು. ಆಮೇಲೆ ಮಗಳು, ಪಲ್ಸ್ ಪೋಲಿಯೊ, ಅತ್ತೆಯ ಪಾರ್ಶ್ವವಾಯು, ಕೊರೊನಾ ಎಂದು ವರ್ಷಗಳು ಹೋದವು. ಬಾಗಲಕೋಟೆಯ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳು ಪದ್ಮಶ್ರೀ ಈ ವರ್ಷ ದೀಪಾವಳಿಗೆ ಬಂದವಳು ಊಟಕ್ಕೆ ಕೂತಾಗ ಮೊಬೈಲು ತೆಗೆದು ಗೋವಾದ ಕೊಲ್ವಾ ದಂಡೆಯ ಹತ್ತಿರ ಐದು ದಿನಕ್ಕೆ ಒಂದು ರೂಮು ಬುಕ್ ಮಾಡಿಬಿಟ್ಟಳು. ಕಿಟಕಿ ತೆಗೆದರೆ ಸಮುದ್ರ ಕಾಣುತ್ತದೆ ಎಂದಳು.

ಸಂಗಯ್ಯ ಖುಷಿಯಾದ. ಆ ಖುಷಿ ಎರಡು ದಿನ ಇತ್ತು.

ಮೂರನೆಯ ದಿನ ಇಂದ್ರಾಬಾಯಿ ಸ್ಟೂಲು ಹತ್ತಿ ಅಟ್ಟದ ಮೇಲಿನ ಸೂಟ್‌ಕೇಸು ಎಳೆಯುತ್ತಿದ್ದಾಗ ಯಾರೋ ಕಾಲು ಹಿಡಿದಂತಾಯಿತು. ಬಗ್ಗಿ ನೋಡಿದರೆ ಎದುರುಮನೆಯ ಚಂದವ್ವ. ಎಂಬತ್ತು ದಾಟಿದ ಮುದುಕಿ, ಸ್ಟೂಲಿನ ಮೇಲಿದ್ದ ಪಾದಕ್ಕೇ ಹಣೆ ಹಚ್ಚಿದ್ದಳು. ಕೈಯಲ್ಲಿ ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗಿದ ತಾಮ್ರದ ಗಿಂಡಿ. ಬರುವಾಗ ಇದರ ತುಂಬ ನೀರು ತರಬೇಕು, ತಾನು ಸಾಯುವಾಗ ಬಾಯಿಗೆ ಹಾಕಲು ಬೇಕು ಎಂದಳು. ಸಮುದ್ರದ ಉಪ್ಪುನೀರನ್ನು ಸಾಯುವವರ ಬಾಯಿಗೆ ಹಾಕುವ ಪದ್ಧತಿ ಇಂದ್ರಾಬಾಯಿ ಎಲ್ಲೂ ಕೇಳಿರಲಿಲ್ಲ. ಯಾವ ನೀರು ಎಂದು ಕೇಳಿದಳು.

“ಯಾವುದಂದ್ರ? ಕಾಶಿ ಗಂಗವ್ವನ ನೀರ. ಅಯ್ಯಾರು ಊರಿಗೆಲ್ಲ ಹೇಳ್ಯಾರಲ್ಲ, ಜಂಗಮವಾಡಿ ಮಠದಾಗ ಇಳ್ಕೊಳ್ತೇವಿ ಅಂತ.”

ಇಂದ್ರಾಬಾಯಿ ಗಿಂಡಿ ಇಸಿದುಕೊಂಡು, ಮುದುಕಿಗೆ ಚಹಾ ಕೊಟ್ಟು ಕಳಿಸಿ, ಹಿತ್ತಲಿಗೆ ಹೋದಳು. ಸಂಗಯ್ಯ ಅಲ್ಲಿ ವಿಭೂತಿ ಹಚ್ಚಿಕೊಳ್ಳುತ್ತಿದ್ದ. ಹೆಂಡತಿಯ ಕೈಯಲ್ಲಿ ಗಿಂಡಿ ನೋಡಿದ್ದೇ ಅವನ ಬೆರಳು ಹಣೆ ಬಿಟ್ಟು ಕಿವಿಯತ್ತ ಹೋಯಿತು.

ನಡೆದದ್ದು ಇಷ್ಟು. ಶಂಕ್ರಪ್ಪನ ಕಿರಾಣಿ ಅಂಗಡಿಯಲ್ಲಿ ಅವನು ಬ್ರಶ್ಶು ಪೇಸ್ಟು ಕೊಳ್ಳುತ್ತಿದ್ದಾಗ ಎಲ್ಲಿಗೆ ಹೊರಟಿರಿ ಎಂದು ಶಂಕ್ರಪ್ಪ ಕೇಳಿದ್ದ. ಪಕ್ಕದಲ್ಲಿ ಇನ್ನೂ ಮೂವರು ನಿಂತಿದ್ದರು. ಅವರಲ್ಲಿ ಒಬ್ಬನ ಮನೆಯಲ್ಲಿ ಸಂಗಯ್ಯ ಹಿಂದಿನ ಸೋಮವಾರವಷ್ಟೇ ಪಾದ ತೊಳೆಸಿಕೊಂಡು ಬಂದಿದ್ದ.

“‘ಗೋ’ ಅನ್ನೂಮಟಾ ಬಾಯಾಗ ಬಂದಿತ್ತ. ಅಷ್ಟರಾಗ ಅಂವಾ, ಗೋಕರ್ಣೇನ್ರಿ ಅಂದ. ಗೋಕರ್ಣ ಅಂದ್ರ ಸಣ್ಣದಾತು ಅನ್ನಿಸ್ತು. ಕಾಶಿ ಅಂದ್ಬಿಟ್ಟೆ.”

“ಮಠದ ರೂಮ ಯಾರು ಕೇಳಿದ್ರು?”

“ಯಾರೂ ಕೇಳ್ಲಿಲ್ಲ. ಅದನ್ನ ನಾನ ಹೇಳಿದೆ,” ಎಂದು ಸಂಗಯ್ಯ ತಲೆ ತಗ್ಗಿಸಿದ. ಗೋವಾ ಎಂದರೆ ಜನ ಏನೆಂದುಕೊಳ್ಳುತ್ತಾರೆ ಎಂಬುದನ್ನು ಅವನು ವಿವರಿಸಲು ನೋಡಿದ. ಬಾಟಲಿ, ಚಡ್ಡಿ, ಬರಿಮೈ ಹೆಂಗಸರು. ಅಂಥಲ್ಲಿಗೆ ಹೋಗಿ ಬಂದ ಕಾಲನ್ನು ಯಾರಾದರೂ ತೊಳೆಯುತ್ತಾರೆಯೇ. ತೊಳೆಯದಿದ್ದರೆ ತನಗೂ ಮುಲಾಮು ಉಳಿಯಿತು ಎಂದಳು ಇಂದ್ರಾಬಾಯಿ. ಕೊನೆಗೆ ಒಂದು ಕರಾರು ಹಾಕಿದಳು. ಸುಳ್ಳು ಹೇಳಿದವರೇ ಅದನ್ನು ಬಿಡಿಸಬೇಕು, ಬಸ್ಸು ಹತ್ತುವುದರೊಳಗೆ. ಇಲ್ಲವಾದರೆ ತಾನೇ ಹೇಳುವುದಾಗಿ, ತಾನು ಹೇಳಿದರೆ ಅವನು ಈಗ ಹೇಳಿದ ಬಾಟಲಿ ಚಡ್ಡಿಯ ವಿಷಯವನ್ನೂ ಸೇರಿಸಿ ಹೇಳುವುದಾಗಿ ತಿಳಿಸಿದಳು.

ಮರುದಿನ ಆಕೆ ಅಲೀಮಾಳ ಮನೆಗೆ ಹೋದಳು. ಅಲೀಮಾ ಬಟ್ಟೆ ಹೊಲಿಯುವವಳು, ಅವಳ ನಾಲ್ಕೂ ಹೆರಿಗೆ ಮಾಡಿಸಿದ್ದು ಇಂದ್ರಾಬಾಯಿ. ಸೀರೆ ಉಟ್ಟು ನೀರಿಗೆ ಇಳಿದರೆ ಅದು ನೀರು ಕುಡಿದು ತನ್ನನ್ನೇ ಎಳೆದುಕೊಂಡು ಹೋಗುತ್ತದೆ, ಅದಕ್ಕೆ ಒಂದು ಚೂಡಿದಾರ ಹೊಲಿದುಕೊಡು ಎಂದು, ಸೆರಗು ಹರಿದ ಒಂದು ಹಳೆಯ ಇಳಕಲ್ ಸೀರೆ ಮುಂದಿಟ್ಟಳು. ಅರವತ್ನಾಲ್ಕು ವರ್ಷದಲ್ಲಿ ಆಕೆ ಚೂಡಿದಾರ ಹಾಕಿರಲಿಲ್ಲ. ಕಾಶಿಗೆ ಚೂಡಿದಾರ ಯಾಕೆ ಎಂದು ಅಲೀಮಾ ಕೇಳಿದಳು. ಇಂದ್ರಾಬಾಯಿ ನಿಜ ಹೇಳಿದಳು. ಅಲೀಮಾ ಟೇಪು ಬಾಯಲ್ಲಿ ಕಚ್ಚಿಕೊಂಡು ಎಷ್ಟು ನಕ್ಕಳೆಂದರೆ ಅಳತೆ ಮೂರು ಸಲ ತಪ್ಪಿತು. ಪ್ಯಾಂಟು ಮೀನಖಂಡದವರೆಗೆ ಸಾಕು, ಉದ್ದವಾದರೆ ಉಸುಕು ತುಂಬುತ್ತದೆ ಎಂದಳು. ಅವಳು ತಮ್ಮನ ಮದುವೆಗೆ ಮುಂಬಯಿಗೆ ಹೋಗಿ ಬಂದವಳು, ಇಂಥದರಲ್ಲಿ ತಿಳಿದವಳು. ಸಂಜೆ ಅದನ್ನು ಹಾಕಿ ತೋರಿಸಿದಾಗ ಸಂಗಯ್ಯ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಗರಡಿಮನೆಯ ಪೈಲವಾನನ ತಂಗಿಯಂತೆ ಕಾಣುತ್ತೀ ಎಂದ. ನಲವತ್ತು ವರ್ಷದ ಸಂಸಾರದಲ್ಲಿ ಅವನ ಬಾಯಿಂದ ಬಂದ ಹೊಗಳಿಕೆಗಳಲ್ಲಿ ಇದು ದೊಡ್ಡದು.

ಹೊರಡುವುದಕ್ಕೆ ನಾಲ್ಕು ದಿನ ಉಳಿದಾಗ ಧರ್ಮರಾಜ ಬಂದ. ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟವನು. ಕೈಚೀಲವನ್ನು ಒಳಗೆ ತರದೆ ಕಟ್ಟೆಯ ತುದಿಯಲ್ಲಿಟ್ಟು, ತಾನೂ ಅಲ್ಲೇ ನಿಂತ. ಚೀಲದಲ್ಲಿ ಬಾಯಿಗೆ ಕೆಂಪು ಅರಿವೆ ಕಟ್ಟಿದ ಒಂದು ಮಡಿಕೆ. ಮಡಿಕೆಯಲ್ಲಿ ಅವನ ತಂದೆ ತುಳಜಾಸಾ.

ಎರಡು ವರ್ಷದ ಹಿಂದೆ ತೀರಿಕೊಂಡ ತುಳಜಾಸಾನ ಅಸ್ಥಿಯನ್ನು ಗಂಗೆಯಲ್ಲೇ ಬಿಡಬೇಕೆಂದು ಮಗ ಸಂಕಲ್ಪ ಮಾಡಿದ್ದ. ಅಂಗಡಿ ಬಿಟ್ಟು ಹೋಗಲಾಗಲಿಲ್ಲ. ಅಸ್ಥಿ ಮನೆಯೊಳಗೆ ತರುವ ಹಾಗಿಲ್ಲವಾದ್ದರಿಂದ ಮಡಿಕೆ ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಮಾರಾಟವಾಗದ ಸೀರೆಗಳ ಪೆಟ್ಟಿಗೆಯ ಮೇಲೆ ಕೂತಿತ್ತು. ಅಯ್ಯನವರು ಹೇಗೂ ಕಾಶಿಗೆ ಹೋಗುತ್ತಾರೆ, ಅವರಿಗಿಂತ ಒಳ್ಳೆಯ ಕೈ ಯಾವುದು ಎಂದು ಧರ್ಮರಾಜ ಕೈ ಮುಗಿದ. ಸಂಗಯ್ಯ ಹೆಂಡತಿಯ ಮುಖ ನೋಡಲಿಲ್ಲ. ಕಂಬದ ಮುಖ ನೋಡಿದ. ಆಮೇಲೆ, ಅವನ ಬಾಯಿಂದ ಬರಬಾರದ್ದು ಬಂತು. ಆಗಲಿ ಎಂದ.

ಇಂದ್ರಾಬಾಯಿಗೆ ಅಲ್ಲಿಯವರೆಗೆ ನಗುವಿತ್ತು, ಈಗ ಸಿಟ್ಟು ಬಂತು. ತುಳಜಾಸಾನ ಕೊನೆಯ ಒಂದು ವರ್ಷ ದಿನಾ ಮುಂಜಾನೆ ಹೋಗಿ ಇನ್ಸುಲಿನ್ ಚುಚ್ಚಿದವಳು ಆಕೆ. ಮುದುಕ ಪ್ರತಿ ಸೂಜಿಗೆ ಒಂದು ಹೊಸ ಬೈಗುಳ ಹುಡುಕಿ ಇಡುತ್ತಿದ್ದ, ಆಮೇಲೆ ಆಕೆಗೇ ಒಂದು ಜಿಲೇಬಿ ಕದ್ದು ತಂದುಕೊಡಲು ಗೋಗರೆಯುತ್ತಿದ್ದ. ಅಂಥವನನ್ನು ಗೋವಾಕ್ಕೆ ಒಯ್ದು ಹೋಟೆಲಿನ ಕಪಾಟಿನಲ್ಲಿಡುವುದೇ. ಆಕೆ ಒಳಗೆ ಹೋಗಿ ಚಪ್ಪಲಿ ಮೆಟ್ಟಿ ಬಂದಳು. ಕಾರು ತಂದಿದ್ದೀಯಾ ಎಂದು ಧರ್ಮರಾಜನನ್ನು ಕೇಳಿದಳು. ತಂದಿದ್ದ. “ನಡಿ ಹಂಗಾರ,” ಎಂದಳು. “ಕೂಡಲಸಂಗಮ ತಾಸಿನ ದಾರಿ. ಕೃಷ್ಣಾ, ಮಲಪ್ರಭಾ ಎರಡೂ ಅದಾವ ಅಲ್ಲಿ. ನಿಮ್ಮಪ್ಪಗ ಹಿಂದಿ ಬರ್ತಿರಲಿಲ್ಲ, ಅಷ್ಟ ದೂರ ಒಬ್ಬನ್ನ ಯಾಕ ಕಳಿಸ್ತಿ?”

ಧರ್ಮರಾಜನಿಗೆ ಆಕೆಯ ಮಾತು ಮೀರುವ ಧೈರ್ಯ ಇರಲಿಲ್ಲ. ಅವನೂ ಚುಚ್ಚಿಸಿಕೊಂಡವನೇ. ಮೂವರೂ ಹೊರಟರು. ಮಡಿಕೆಯನ್ನು ಎಲ್ಲಿಡಬೇಕೆಂದು ಗಂಡಸರಿಬ್ಬರೂ ಅನುಮಾನಿಸುತ್ತ ನಿಂತಾಗ ಇಂದ್ರಾಬಾಯಿ ಹಿಂದಿನ ಸೀಟಿನಲ್ಲಿ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಹುನಗುಂದ ದಾಟುವಾಗ ಹಂಪು ಬಂದು ಕಾರು ಎಗರಿತು. “ಗಟ್ಟಿ ಕೂಡ್ರಿ ಕಾಕಾ,” ಎಂದು ಮಡಿಕೆಗೆ ಹೇಳಿದಳು. ಮುಂದೆ ಕೂತ ಸಂಗಯ್ಯ ಗಂಟಲು ಸರಿಮಾಡಿಕೊಂಡ. ರಸ್ತೆ ನೋಡುತ್ತಲೇ, ತಾವು ಕಾಶಿಗೆ ಹೋಗುತ್ತಿಲ್ಲ, ಗೋವಾಕ್ಕೆ ಹೋಗುತ್ತಿದ್ದೇವೆ, ನಿನ್ನ ಮುಂದೆ ‘ಆಗಲಿ’ ಎಂದದ್ದು ದೊಡ್ಡ ತಪ್ಪಾಯಿತು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟ.

ಧರ್ಮರಾಜ ಕಾರನ್ನು ಬದಿಗೆ ಹಾಕಿ ನಿಲ್ಲಿಸಿದ. ಇಳಿದು ಬಯ್ಯುತ್ತಾನೆ ಎಂದು ಸಂಗಯ್ಯ ಬಾಗಿಲ ಹಿಡಿಕೆ ಹಿಡಿದುಕೊಂಡ. ಧರ್ಮರಾಜ ಸ್ಟೇರಿಂಗಿನ ಮೇಲೆ ಹಣೆ ಇಟ್ಟು ನಗತೊಡಗಿದ. “ನಮ್ಮಪ್ಪ ಇದ್ದಿದ್ರ, ಅಯ್ಯಾರ, ನಿಮ್ಮ ಜೋಡಿ ಅಂವಾನೂ ಬರ್ತಿದ್ದ. ಎರಡು ಸಲ ಗೋವಾ ಅಂತ ಗಂಟು ಕಟ್ಟಿದ್ದ, ಎರಡು ಸಲಾನೂ ನಾನ ಬ್ಯಾಡಂದೆ, ಈ ವಯಸ್ಸಿನಾಗ ಮಂದಿ ಏನಂತಾರ ಅಂತ.” ಅಷ್ಟು ಹೇಳುವಷ್ಟರಲ್ಲಿ ನಗು ಅಳುವಾಗಿತ್ತು. ಇಂದ್ರಾಬಾಯಿ ಹಿಂದಿನಿಂದ ಕೈ ಚಾಚಿ ಅವನ ಭುಜದ ಮೇಲಿಟ್ಟಳು, ಇನ್ನೊಂದು ಕೈ ಮಡಿಕೆಯ ಮೇಲಿತ್ತು. ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಹೆಂಗಸೊಬ್ಬಳು ಕಾರನ್ನೇ ನೋಡುತ್ತ ನಿಂತಿದ್ದಳು.

ಸಂಗಮದಲ್ಲಿ ಧರ್ಮರಾಜ ನೀರಿಗಿಳಿದು ಮುಳುಗು ಹಾಕಿ ಮಡಿಕೆಯನ್ನು ಬಿಟ್ಟ. ಸಂಗಯ್ಯನಿಗೆ ತಿಳಿದಿದ್ದೆಲ್ಲ ಬೇರೆ ಪದ್ಧತಿಯ ಮಂತ್ರ. ಆದರೂ ತೋಚಿದ್ದನ್ನು ಮೆಲ್ಲಗೆ ಹೇಳಿದ. ಮಡಿಕೆ ಮುಳುಗಲು ಒಂದಿಷ್ಟು ಹೊತ್ತು ಹಿಡಿಯಿತು. ಸೂಜಿಗೂ ಮುದುಕ ಹೀಗೇ ಸತಾಯಿಸುತ್ತಿದ್ದ ಎಂದು ಇಂದ್ರಾಬಾಯಿ ಅಂದುಕೊಂಡಳು, ಅಂದುಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಒಬ್ಬನಿಗೆ ಹೇಳಿದ ಮೇಲೆ ಊರಿಗೆ ಹೇಳುವುದು ಸುಲಭವಾಗುತ್ತದೆ ಎಂದು ಸಂಗಯ್ಯ ನಂಬಿದ್ದ. ಆಗಲಿಲ್ಲ. ಹೊರಡುವ ಹಿಂದಿನ ಸಂಜೆ ಓಣಿಯವರು ಹೇಳದೆ ಕೇಳದೆ ಬಂದುಬಿಟ್ಟರು. ಕಂಬಳಿ ಹಾಸಿ ಅಯ್ಯನವರನ್ನು ಕೂರಿಸಿದರು. ಶಂಕ್ರಪ್ಪ ಚೆಂಡುಹೂವಿನ ಮಾಲೆ ಹಾಕಿದ. ಹೆಂಗಸರು ತೆಂಗಿನಕಾಯಿ, ಎಲೆ ಅಡಿಕೆ ಇಟ್ಟರು. ಧರ್ಮರಾಜ ಬಾಗಿಲ ಹತ್ತಿರ ನಿಂತು ಮೀಸೆಯಡಿಯಲ್ಲಿ ನಗುತ್ತಿದ್ದ. ಚಂದವ್ವ ಪಾದಕ್ಕೆ ನೀರು ಹಾಕಲು ಚೊಂಬು ಎತ್ತಿದಾಗ ಸಂಗಯ್ಯ ಎರಡೂ ಕಾಲನ್ನು ಸರಕ್ಕನೆ ಮಡಚಿಕೊಂಡ.

“ಬ್ಯಾಡ್ರಿ. ನಾವು ಕಾಶಿಗೆ ಹೊಂಟಿಲ್ಲ. ಗೋವಾಕ್ಕ ಹೊಂಟೇವಿ. ನಾ ಸುಳ್ಳ ಹೇಳಿದ್ದೆ.”

ಚಂದವ್ವ ಚೊಂಬು ಕೆಳಗಿಟ್ಟು, ಗೋವಾದಲ್ಲಿ ಯಾವ ದೇವರು ಎಂದು ಕೇಳಿದಳು. ದೇವರಿಗಾಗಿ ಹೋಗುತ್ತಿಲ್ಲ ಎಂದಳು ಇಂದ್ರಾಬಾಯಿ. ಮತ್ತೇನು ಮಾಡುತ್ತೀರಿ ಎಂದಳು ಮುದುಕಿ.

“ಸುಮ್ಮ ಕೂಡ್ತೇವಿ ಚಂದವ್ವ. ನೀರ ನೋಡಕೋಂತ.”

ಸುಮ್ಮನೆ ಕೂರಲು ಅಷ್ಟು ದೂರ ಹೋಗುತ್ತಾರೆಯೇ, ತಾನು ಇಲ್ಲೇ ಕೂತಿಲ್ಲವೇ ಎಂದು ಚಂದವ್ವ ಒಳಗೆ ಹೋಗಿ, ದೇವರ ಮಾಡಿನಲ್ಲಿದ್ದ ತನ್ನ ಗಿಂಡಿಯನ್ನು ತಾನೇ ಹುಡುಕಿ ತೆಗೆದುಕೊಂಡು ಮನೆಗೆ ನಡೆದಳು. ಇನ್ನಿಬ್ಬರು ಹೆಂಗಸರು ತಮ್ಮ ತೆಂಗಿನಕಾಯಿಗಳನ್ನು ಎತ್ತಿಕೊಂಡರು. ಆ ಸೋಮವಾರ ಪಾದ ತೊಳೆದಿದ್ದವನು ಎದ್ದುಹೋದ, ಮುಂದೆಂದೂ ಕರೆಯಲೂ ಇಲ್ಲ. ಉಳಿದವರು ಮಾತ್ರ ಕೂತೇ ಇದ್ದರು, ಚಹಾ ಇನ್ನೂ ಬಂದಿರಲಿಲ್ಲ. ಹಾಕಿದ ಮಾಲೆಯನ್ನು ತೆಗೆಯಬೇಕೋ ಬೇಡವೋ ಯಾರಿಗೂ ಗೊತ್ತಾಗಲಿಲ್ಲ. ಚಹಾ ಕುಡಿದು ಎಲ್ಲರೂ ಎದ್ದ ಮೇಲೆ ಶಂಕ್ರಪ್ಪ ಅಯ್ಯನವರನ್ನು ಮೂಲೆಗೆ ಕರೆದು, ಬರುವಾಗ ಗೋಡಂಬಿ ತನ್ನಿರಿ ಎಂದ. ಆಮೇಲೆ ಇನ್ನೂ ಹತ್ತಿರ ಬಂದು, ಗೋಡಂಬಿಯ ಹಣ್ಣಿನಿಂದ ಅದೇನೋ ಕಷಾಯ ಮಾಡುತ್ತಾರಂತಲ್ಲ, ಮೊಣಕಾಲು ನೋವಿಗೆ ಒಳ್ಳೆಯದಂತೆ, ಅದನ್ನೂ ಒಂದು ಬಾಟಲಿ ಎಂದ. ಅಡಿಗೆಮನೆಯಿಂದ ಇಂದ್ರಾಬಾಯಿ, ಮೊಣಕಾಲು ನೋವಿಗೆ ತನ್ನ ಹತ್ತಿರ ಸೂಜಿ ಇದೆ ಎಂದಳು. ಶಂಕ್ರಪ್ಪನ ಕೈ ಸೊಂಟದ ಹಿಂದಕ್ಕೆ ಹೋಯಿತು.

ಶನಿವಾರ ಬೆಳಗಿನ ಹುಬ್ಬಳ್ಳಿ ಬಸ್ಸಿಗೆ ಹೊರಟರು. ಸಂಗಯ್ಯನ ಮೈ ಹಗುರವಾದಂತಿತ್ತು. ಬಾದಾಮಿ ದಾಟುವವರೆಗೆ ಮಾತಾಡಿದ್ದೇ ಮಾತಾಡಿದ್ದು, ಕುಳಗೇರಿ ಕ್ರಾಸಿನಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಎರಡು ಪ್ಲೇಟು ಮಿರ್ಚಿ ತಿಂದ. ಅಲ್ಲಿ ಒಂದು ಗಂಟು, ಒಂದು ಹಿಟ್ಟಿನ ಡಬ್ಬಿ ಹಿಡಿದು ಒಬ್ಬ ಹೆಂಗಸು ಹತ್ತಿದಳು. ಹೆಸರು ಯಮನವ್ವ. ಇಂದ್ರಾಬಾಯಿಯ ಪಕ್ಕದಲ್ಲೇ ಕೂತಳು. ಸಂಗಯ್ಯ ಮುಂದಿನ ಸೀಟಿನಿಂದ ತಿರುಗಿ, ಯಾರೂ ಕೇಳುವ ಮೊದಲೇ, ತಾವು ಗೋವಾಕ್ಕೆ ಹೋಗುತ್ತಿರುವುದಾಗಿ ಎದೆಯುಬ್ಬಿಸಿ ಹೇಳಿದ. ಅವಳಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ.

“ನಾವೂ ಅಲ್ಲೇರಿ, ಮಡಗಾಂವಕ್ಕ. ಗೌಂಡಿ ಕೆಲಸ. ನಿಮಗ ಈ ವಯಸ್ಸಿನಾಗ ಯಾವ ಕೆಲಸ ಕೊಟ್ಟಾರ್ರಿ?”

ಕೆಲಸಕ್ಕಲ್ಲ, ನೋಡಲು ಎಂದು ಇಂದ್ರಾಬಾಯಿ ಹೇಳಿದಾಗ ಯಮನವ್ವ ನಂಬಲಿಲ್ಲ. ಅವಳ ಊರಿನಿಂದ ಗೋವಾಕ್ಕೆ ಹೋದವರೆಲ್ಲ ಇಟ್ಟಿಗೆ ಹೊತ್ತವರು, ಸಿಮೆಂಟು ಕಲಸಿದವರು. ಅವಳು ಗಂಡನೊಂದಿಗೆ ಅಲ್ಲಿ ಎಂಟು ವರ್ಷದಿಂದ ಇದ್ದಳು, ದೀಪಾವಳಿಗೆ ಊರಿಗೆ ಬಂದು ಮರಳುತ್ತಿದ್ದಳು. ಗಂಡ ಆಗಲೇ ಹೋಗಿದ್ದ. ಸಮುದ್ರ ಹೇಗಿದೆ ಎಂದು ಇಂದ್ರಾಬಾಯಿ ಕೇಳಿದಳು. ಎಂಟು ವರ್ಷದಲ್ಲಿ ಎರಡು ಸಲ ಹೋಗಿದ್ದೇನೆ, ಮೈ ಅಂಟಂಟಾಗುತ್ತದೆ, ಅದೇನು ದೊಡ್ಡದಲ್ಲ ಎಂದಳು ಯಮನವ್ವ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಮತ್ತೆ ಆ ಮಾತಿಗೆ ಬಂದಳು. “ಒಂದ ಹೇಳ್ತೇನಿ ನೋಡ್ರಿ ಅಕ್ಕಾರ. ನೀರು ಹಿಂದ ಹೋಗೂ ಮುಂದ ಕಾಲಾಗಿನ ಉಸುಕ ಸರಿತೈತಿ. ಭೂಮಿನ ಎಳದಂಗ ಆಕ್ಕತಿ. ಹೆದರಬ್ಯಾಡ್ರಿ, ಬೀಳೂದಿಲ್ಲ.”

ಹುಬ್ಬಳ್ಳಿ ಬರುವಷ್ಟರಲ್ಲಿ ಇಂದ್ರಾಬಾಯಿ ಅವಳ ಬೆನ್ನುನೋವು, ಮುಟ್ಟು, ಗಂಡನ ಕೆಮ್ಮು ಎಲ್ಲ ವಿಚಾರಿಸಿ, ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲು ತಾಕೀತು ಮಾಡಿ, ಮೊಬೈಲು ನಂಬರು ಬರೆಸಿಕೊಂಡಿದ್ದಳು. ನಾಳೆ ಭಾನುವಾರ, ಕೆಲಸಕ್ಕೆ ಸೂಟಿ, ಕೊಲ್ವಾಕ್ಕೆ ಬಾ ಎಂದಳು. ಯಮನವ್ವ ನೋಡುತ್ತೇನೆ ಎಂದಳು.

ಹುಬ್ಬಳ್ಳಿಯಲ್ಲಿ ಗೋವಾದ ಬಸ್ಸು ಹಿಡಿದು ಗಂಡ ಹೆಂಡತಿ ರೂಮು ಮುಟ್ಟಿದಾಗ ಕತ್ತಲಾಗಿತ್ತು, ಕಿಟಕಿಯಿಂದ ಬರೀ ಸದ್ದು ಕೇಳುತ್ತಿತ್ತು. ಬೆಳಿಗ್ಗೆ ಇಂದ್ರಾಬಾಯಿ ಚೂಡಿದಾರ ಹಾಕಿ ದಂಡೆಗೆ ಹೋದಳು. ಸಮುದ್ರ ಆಕೆ ಅಂದುಕೊಂಡಿದ್ದಕ್ಕಿಂತ ಎತ್ತರವಿತ್ತು. ಅದು ಇಷ್ಟು ಎದ್ದು ನಿಂತಿರುತ್ತದೆ ಎಂದು ಯಾರೂ ಆಕೆಗೆ ಹೇಳಿರಲಿಲ್ಲ. ಮೊಣಕಾಲವರೆಗೂ ಹೋಗದೆ ನಿಂತಳು. ಸಂಗಯ್ಯ ಧೋತರ ಮೇಲಕ್ಕೆ ಕಟ್ಟಿ ಮುಂದೆ ಹೋಗಿದ್ದ, ಮೊದಲ ತೆರೆಗೇ ಕೂತುಬಿಟ್ಟ, ವಿಭೂತಿಯೆಲ್ಲ ತೊಳೆದುಹೋಗಿ ಬೇರೆಯವನಂತೆ ಕಾಣುತ್ತಿದ್ದ. ಹತ್ತು ಗಂಟೆಗೆ ಯಮನವ್ವ ರೊಟ್ಟಿ ಶೇಂಗಾಚಟ್ನಿಯ ಗಂಟು ಹಿಡಿದು ನಿಜವಾಗಿಯೂ ಬಂದಳು. ಗಂಟನ್ನು ಉಸುಕಿನ ಮೇಲಿಟ್ಟು, ಸೀರೆಯ ಕಚ್ಚೆ ಹಾಕಿ, ಇಂದ್ರಾಬಾಯಿಯ ರಟ್ಟೆ ಹಿಡಿದು ನೀರಿಗೆ ನಡೆಸಿದಳು. ತೆರೆ ಹಿಂದಕ್ಕೆ ಸರಿಯಿತು. ಕಾಲಡಿಯ ಉಸುಕು ಸರಿಯಿತು. ಮೂವತ್ತನಾಲ್ಕು ವರ್ಷ ಯಾರದೋ ಕೈಯನ್ನು ತಾನು ಹಿಡಿದು ‘ಹೆದರಬ್ಯಾಡ’ ಎಂದವಳು ಯಮನವ್ವನ ಕೈಯನ್ನು ಉಗುರು ನಾಟುವಂತೆ ಹಿಡಿದುಕೊಂಡಳು.

ಮುಂದಿನ ತೆರೆ ಎದೆಗೆ ಬಂತು, ಬಾಯಿಗೂ ಬಂತು. ಇಂದ್ರಾಬಾಯಿ ಉಗುಳಿ, ಕೆಮ್ಮಿ, ಅಚ್ಚ ಇಳಕಲ್ಲಿನ ಒಂದು ಬೈಗುಳ ಬೈದಳು. ದಂಡೆಯಿಂದ ಸಂಗಯ್ಯ ರೊಟ್ಟಿ ತಿನ್ನಲು ಬರುತ್ತೀಯಾ ಎಂದು ಕೂಗಿದ. “ತಡೀರಿ,” ಎಂದಳು ಆಕೆ ತಿರುಗಿ ನೋಡದೆ, “ಇನ್ನೊಂದು ಬರ್ಲಿ.”